ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು

ಹೆಸರು, ತಂದೆಯ ಹೆಸರು: ಮೊದಲ ಹಾಳೆಯಲ್ಲಿ ಬರೆದುಕೊಂಡಂತೆ. ವಯಸ್ಸು: 23 ವರ್ಷ. ವಿದ್ಯೆ: ಸಾಹಿತ್ಯದಲ್ಲಿ ಪದವಿ. ಕಸುಬು: ಸೋದರಮಾವನ ಮೋಟಾರ್‌ಸೈಕಲ್ ಗ್ಯಾರೇಜಿನಲ್ಲಿ ಕೆಲಸದ ಚೀಟಿ ಬರೆಯುವುದು. ವಾಸ: ಅದೇ ಗ್ಯಾರೇಜಿನ ಮೇಲಿನ ಮಹಡಿಯಲ್ಲಿ, ಮಾವನ ಮನೆ.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಸಾಹೇಬರಾದ ತಾವು ವಿಚಾರಿಸಿದ್ದಕ್ಕೆ ಈ ಮೂಲಕ ನಾನು ತಿಳಿಸುವುದು ಹೀಗಿದೆ:

ಈ ದಿನ ಬೆಳಿಗ್ಗೆ 8.10ಕ್ಕೆ ಗ್ಯಾರೇಜಿನ ಶಟರ್ ಎತ್ತಿದಾಗ ನಮ್ಮ ಮೆಕ್ಯಾನಿಕ್ ಮುಕ್ಕಾಲಣ್ಣನವರ ಚಪ್ಪಲಿಗಳು ಒಳಗಿನ ನಲ್ಲಿಯ ಪಕ್ಕದಲ್ಲೇ ಇದ್ದವು. ದಿನಾ ಸಂಜೆ ಅವರು ಎಣ್ಣೆ ಮೆತ್ತಿದ ಬೂಟು ಬಿಚ್ಚಿ, ಕಾಲು ತೊಳೆದು, ಆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುವವರು. ನಿನ್ನೆ ಸಂಜೆ ಮಾವ, ಇನ್ನು ಕೆಲಸಕ್ಕೆ ಬರುವುದು ಬೇಡ ಎಂದು ಅವರಿಗೆ ಹೇಳಿದ್ದರು. ಬೂಟಿನಲ್ಲೇ ಹೋಗಿಬಿಟ್ಟಿದ್ದಾರೆ ಎಂದು ಆಗ ತಿಳಿಯಿತು.

ಮುಕ್ಕಾಲಣ್ಣ ಎನ್ನುವುದು ಅಡ್ಡಹೆಸರು. ಅವರು ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿದ್ದಾರೆ. ಎಂಜಿನ್ನಿನ ಮುಂಭಾಗದಲ್ಲಿ ಪುಟ್ಟ ಡಬ್ಬಿಯಂತೆ ಇರುವ ಆಯಿಲ್ ಫಿಲ್ಟರನ್ನು ಎಷ್ಟು ಬಿಗಿ ಮಾಡಬೇಕೆಂದು ಯಾರು ಕೇಳಿದರೂ ಅವರದು ಒಂದೇ ಉತ್ತರ. ಫಿಲ್ಟರಿನ ಬಾಯಿಯಲ್ಲಿರುವ ರಬ್ಬರ್ ರಿಂಗ್ ಎಂಜಿನ್ನಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಕ್ಕಾಲು ಸುತ್ತು, ಅದೂ ಬರಿಗೈಯಲ್ಲಿ. ಮಾವ ಇದನ್ನು ಒಪ್ಪುವುದಿಲ್ಲ. ಮುಕ್ಕಾಲಣ್ಣ ಫಿಲ್ಟರನ್ನು ಮಗುವಿಗೆ ಟೋಪಿ ಹಾಕಿದ ಹಾಗೆ ಹಾಕುತ್ತಾರೆಂದು ಗಿರಾಕಿಗಳ ಎದುರಿಗೇ ಅನ್ನುತ್ತಾರೆ. ಫಿಲ್ಟರಿನ ಸುತ್ತ ಪಟ್ಟಿ ಪಾನಾದ ಪಟ್ಟಿ ಸುತ್ತಿ, ಹಿಡಿ ಹಿಡಿದು ಇನ್ನೊಂದು ಜಗ್ಗು ಜಗ್ಗಿದರೇ ಅವರಿಗೆ ಸಮಾಧಾನ. ಮಾವ ಬಿಗಿ ಮಾಡಿದ್ದನ್ನು ಬಿಚ್ಚಲು, ಈ ಗ್ಯಾರೇಜು ಕಟ್ಟಿಸಿದ ಅವರಪ್ಪನೇ ಎದ್ದು ಬರಬೇಕೆಂದು ಮುಕ್ಕಾಲಣ್ಣ ಹೇಳುವುದಿದೆ. ಫಿಲ್ಟರಿನ ಪೆಟ್ಟಿಗೆಯ ಮೇಲೆ ಒಂದು ಚಿತ್ರವಿದೆ, ಕಂಪನಿಯ ಪುಸ್ತಕದಲ್ಲಿ ಒಂದು ಅಂಕಿ ಇದೆ. ಇಬ್ಬರ ಮಾತು, ಚಿತ್ರ, ಅಂಕಿ, ಈ ನಾಲ್ಕನ್ನೂ ಓದಿದವಳು, ಕೇಳಿದವಳು ನಾನೊಬ್ಬಳೇ. ನಾಲ್ಕೂ ಒಂದೇ ಆಗಿರಲಿಲ್ಲ.

ಗ್ಯಾರೇಜಿನಲ್ಲಿ ಒಂದು ರೂಢಿ ಇದೆ. ಫಿಲ್ಟರ್ ಬಿಗಿ ಮಾಡಿದವರು ಅದರ ಅಂಚಿನಿಂದ ಎಂಜಿನ್ನಿನ ಮೇಲೆ ಹಾಯುವಂತೆ ಬಣ್ಣದ ಒಂದು ಗೆರೆ ಎಳೆಯಬೇಕು. ಮಾವನದು ಕೆಂಪು, ಮುಕ್ಕಾಲಣ್ಣನವರದು ನೀಲಿ. ನನಗೆ ಬಣ್ಣವಿಲ್ಲ. ನಾನು ಪಾನಾ ಹಿಡಿಯುವುದು ಮಾವನಿಗೆ ಇಷ್ಟವಿಲ್ಲ. ಆದರೆ ಮೂರು ತಿಂಗಳಿಂದ, ಮಾವ ಬೆಳಿಗ್ಗೆ ಬಿಡಿಭಾಗ ತರಲು ಹೋದ ಹೊತ್ತಿನಲ್ಲಿ, ಮುಕ್ಕಾಲಣ್ಣ ನನಗೆ ಕೆಲಸ ಹೇಳಿಕೊಡುತ್ತಿದ್ದರು. ಗೆರೆ ಯಾವುದು ಎಳೆಯಲಿ ಎಂದು ಮೊದಲ ದಿನ ಕೇಳಿದ್ದೆ. ನಿನ್ನದು ಅಂತ ಒಂದು ಬರುವವರೆಗೆ ನನ್ನದನ್ನೇ ಎಳಿ ಎಂದಿದ್ದರು.

12ನೇ ತಾರೀಖು ಮಂಗಳವಾರ 10.20ಕ್ಕೆ ಡ್ರಾಯಿಂಗ್ ಮೇಷ್ಟ್ರು ಸರ್ವೀಸಿಗೆಂದು ಬೈಕ್ ತಂದರು. ಚೀಟಿ ಬರೆದವಳು ನಾನು. 10.45ಕ್ಕೆ ಎಣ್ಣೆ ಇಳಿಸಿ, ಹಳೆಯ ಫಿಲ್ಟರ್ ಬಿಚ್ಚಿದವಳೂ ನಾನು. ಅದು ನಾನು ಬದಲಾಯಿಸುತ್ತಿದ್ದ ಐದನೆಯ ಫಿಲ್ಟರ್. ಮುಕ್ಕಾಲಣ್ಣ ಎಂಟು ಅಡಿ ದೂರದಲ್ಲಿ ಬೇರೊಂದು ಬೈಕಿನ ಚೈನ್ ನೋಡುತ್ತಿದ್ದರು. ಹೊಸ ರಿಂಗಿಗೆ ಎಣ್ಣೆ ಸವರಿದೆಯಾ ಎಂದು ಅಲ್ಲಿಂದಲೇ ಕೇಳಿದರು. ಸವರಿದೆ ಎಂದೆ. ತಾಗಿದ್ದು ಗೊತ್ತಾಯಿತಾ ಎಂದರು. ಗೊತ್ತಾಯಿತು ಎಂದೆ. ಎಂದಿಗಿಂತ ಬೇಗ ತಾಗಿದಂತೆ ಅನ್ನಿಸಿತ್ತು. ಅದನ್ನು ಹೇಳಲಿಲ್ಲ. ಪ್ರತಿ ಸಲವೂ ಏನಾದರೊಂದು ಅನ್ನಿಸುತ್ತಿರುತ್ತದೆ, ಎಲ್ಲವನ್ನೂ ಹೇಳುತ್ತಾ ಹೋದರೆ ಕೆಲಸ ಬಾರದವಳು ಅಂದುಕೊಳ್ಳುತ್ತಾರೆ ಎಂಬ ಅಳುಕಿತ್ತು. ಮುಕ್ಕಾಲು ಸುತ್ತು ತಿರುಗಿಸಿ ನೀಲಿ ಗೆರೆ ಎಳೆದೆ.

11.35ಕ್ಕೆ ಮಾವ ಬಂದರು. ಬೈಕಿನ ಪಕ್ಕ ಹಾದುಹೋಗುವಾಗ ನೀಲಿ ಗೆರೆ ನೋಡಿದರು, ನಕ್ಕರು, ಗೋಡೆಯ ಮೊಳೆಯಿಂದ ಪಟ್ಟಿ ಪಾನಾ ತೆಗೆದು ಒಂದು ಸಲ ಜಗ್ಗಿದರು. ಕೆಂಪು ಗೆರೆ ಎಳೆಯಲಿಲ್ಲ. ಕೆಂಪು ಗೆರೆ ಎಳೆಯಿರಿ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಫೋನ್ ಬಂತು. ಎಂಜಿನ್ ಎರಡು ನಿಮಿಷ ಓಡಿಸಿ ನೋಡಿದೆವು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಒಂದು ತೊಟ್ಟೂ ಇರಲಿಲ್ಲ.

12.05ಕ್ಕೆ ಮೇಷ್ಟ್ರು ಬೈಕ್ ತೆಗೆದುಕೊಂಡು ಹೋದರು. 12.20ಕ್ಕೆ, ಗ್ಯಾರೇಜಿನಿಂದ 6.4 ಕಿಲೋಮೀಟರ್ ದೂರದಲ್ಲಿ, ನೀರಿನ ಟ್ಯಾಂಕಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಬಿದ್ದರು. ಫಿಲ್ಟರಿನಿಂದ ಸುರಿದ ಎಣ್ಣೆ ಟೈರಿನ ಮೇಲೆಲ್ಲ ಹರಡಿತ್ತೆಂದು ನೋಡಿದವರು ಹೇಳಿದ್ದಾರೆ. ಅವರ ಕತ್ತಿನ ಕೆಳಗೆ ಬಲಗಡೆಯ ಕಾಲರ್ ಮೂಳೆ ಮುರಿದಿದೆ. ಆರು ವಾರ ಬಲಗೈ ಎತ್ತುವಂತಿಲ್ಲ.

ನಿನ್ನೆ 13ರಂದು ತಾವು ಗ್ಯಾರೇಜಿಗೆ ಬಂದು ಮಾವನ ಮತ್ತು ಮುಕ್ಕಾಲಣ್ಣನವರ ಹೇಳಿಕೆ ಪಡೆದಿರಿ. ನಾನು ಹತ್ತು ಅಡಿ ದೂರದಲ್ಲಿ ಚೀಟಿಗಳನ್ನು ಜೋಡಿಸುತ್ತಿದ್ದೆ. ಸಡಿಲ ಬಿಟ್ಟರೆ ಒಂದು ದಿನ ಹೀಗಾಗುತ್ತದೆಂದು ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ ಎಂದು ಮಾವ ಬರೆಸಿದರು. ಮಾವ ಸುಳ್ಳು ಹೇಳುವವರಲ್ಲ. ಪಾನಾ ಜಗ್ಗುವುದು ಅವರಿಗೆ ಮೂಗು ಒರೆಸಿಕೊಂಡಷ್ಟು ಅಭ್ಯಾಸ, ಆ ದಿನ ಜಗ್ಗಿದ್ದು ನಿಜವಾಗಿಯೂ ನೆನಪಿಲ್ಲದಿರಬಹುದು. ಮುಕ್ಕಾಲಣ್ಣನವರನ್ನು ಕೇಳಿದಾಗ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರು ಹೇಳಿದ ಮಾತು ಇದು: "ನೀಲಿ ಗೆರೆ ನನ್ನದು ಸಾರ್. ಗೆರೆ ಇದ್ದ ಮೇಲೆ ಕೈಯೂ ನನ್ನದೇ." ನಾನು ಆಗ ಎದ್ದು ನಿಂತೆ. ಏಕೆ ಎದ್ದೆ ಎಂದು ಯಾರೂ ಕೇಳಲಿಲ್ಲ. ಮತ್ತೆ ಕುಳಿತೆ.

ಚೀಟಿ ಬರೆದವಳೆಂದು ತಾವು ಕರೆಸಿದ್ದರಿಂದ ಈ ದಿನ ಬೆಳಿಗ್ಗೆ 9.00ಕ್ಕೆ ಠಾಣೆಗೆ ಹೊರಡುವಾಗ ಮಾವ ನನಗೆ, "ನೀನು ಬರೆಯೋಳಷ್ಟೇ ಮಗು. ಕೇಳಿದ್ರೆ ಗೊತ್ತಿಲ್ಲ ಅನ್ನು, ಮುಗೀತು," ಎಂದರು. ಫಿಲ್ಟರ್ ಹಾಕಿದ್ದು ನಾನೆಂದು ಅವರಿಗೆ ಈ ಕ್ಷಣದವರೆಗೂ ತಿಳಿದಿಲ್ಲ.

9.30ಕ್ಕೆ ತಾವು ಬಿದ್ದ ಬೈಕಿನ ಫೋಟೋ ತೋರಿಸಿದಿರಿ. ಫಿಲ್ಟರಿನ ಮೇಲಿನ ಗೆರೆ ಎಂಜಿನ್ನಿನ ಮೇಲಿನ ಗೆರೆಯಿಂದ ಒಂದು ಬೆರಳಿನಷ್ಟು ಸರಿದಿದೆ, ಆದ್ದರಿಂದ ಅದು ತಾನಾಗಿ ಸಡಿಲಗೊಂಡಿದೆ, ಮುಕ್ಕಾಲಣ್ಣನವರ ಮೇಲೆ ಕೇಸು ಹಾಕಬೇಕಾಗುತ್ತದೆ ಎಂದಿರಿ. ಗೆರೆ ಸರಿದಿರುವುದು ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಆ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ. ಆ ಒಂದು ಬೆರಳು ಮಾವ ಜಗ್ಗಿದ್ದು ಎಂದೆ.

ಹಾಗಾದರೆ ಮಾವನಿಂದ ಆಯಿತೇ ಎಂದು ಕೇಳಿದಿರಿ. ಹೌದೆಂದು ಹೇಳಿದ್ದರೆ ನನಗೆ ಸುಲಭವಿತ್ತು, ಹೇಳುವವಳೂ ಇದ್ದೆ. ಅಷ್ಟರಲ್ಲಿ ತಾವು ಪ್ಲಾಸ್ಟಿಕ್ ಚೀಲದಿಂದ ಫಿಲ್ಟರನ್ನು ಮೇಜಿನ ಮೇಲೆ ಇಟ್ಟಿರಿ. ಅದರ ಬಾಯಲ್ಲಿ ಎರಡು ರಿಂಗುಗಳಿದ್ದವು. ಒಂದು ಹೊಸದು, ಅರ್ಧ ಹೊರಗೆ ಕಿತ್ತುಬಂದಿತ್ತು. ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದು ಚಪ್ಪಟೆಯಾಗಿ, ಕಪ್ಪಗೆ ಹೊಳೆಯುತ್ತಿತ್ತು. ಅದು ಹಳೆಯ ಫಿಲ್ಟರಿನದು. ಬಿಚ್ಚಿದಾಗ ಅದರ ಜೊತೆ ಬರದೆ ಎಂಜಿನ್ನಿನಲ್ಲೇ ಕಚ್ಚಿಕೊಂಡಿದೆ. ನಾನು ಹೊಸದನ್ನು ಅದರ ಮೇಲೆಯೇ ಕೂರಿಸಿದ್ದೇನೆ. ಬೇಗ ತಾಗಿದಂತೆ ಅನ್ನಿಸಿದ್ದು ಅದಕ್ಕೇ. ರಿಂಗಿನ ಮೇಲೆ ರಿಂಗ್ ಕೂತರೆ ಮುಕ್ಕಾಲು ಸುತ್ತಿಗಾಗಲಿ, ಪಾನಾದ ಜಗ್ಗಿಗಾಗಲಿ ಅರ್ಥವಿಲ್ಲ. ಎಂಜಿನ್ ಬಿಸಿಯಾಗಿ ಎಣ್ಣೆಯ ಒತ್ತಡ ಏರಿದಾಗ ಹೊಸದು ಜಾರಿ ಹೊರಬರುತ್ತದೆ. ಎಷ್ಟು ಬಿಗಿ ಎಂದು ಎರಡು ದಿನದಿಂದ ಎಲ್ಲರೂ ಜಗಳವಾಡಿದ್ದಾರೆ, ಮನಸ್ಸಿನಲ್ಲೇ ನಾನೂ ಆಡಿದ್ದೇನೆ.

ಹಳೆಯ ಫಿಲ್ಟರಿನ ಬಾಯಿ ನೋಡಿದೆಯಾ ಎಂದು ಕೇಳಿದಿರಿ. ನೋಡಲಿಲ್ಲ. ಬೋರಲು ಮಾಡಿ ಕಸದ ಡಬ್ಬಿಗೆ ಹಾಕಿದೆ. ನೋಡಬೇಕೆಂದು ಗೊತ್ತಿತ್ತೇ ಎಂದು ಕೇಳಿದಿರಿ. ಗೊತ್ತಿತ್ತು. ಮುಕ್ಕಾಲಣ್ಣ ಮೊದಲ ದಿನವೇ ಹೇಳಿಕೊಟ್ಟಿದ್ದರು. ಬೇರೆ ನಾಲ್ಕು ಸಲ ನೋಡಿದ್ದೆ. ಅವತ್ತು ನೋಡಲಿಲ್ಲ. ಎಷ್ಟು ಬಿಗಿ ಮಾಡಲಿ ಎಂಬುದನ್ನೇ ಯೋಚಿಸುತ್ತಿದ್ದೆ ಎಂದು ಕಾಣುತ್ತದೆ.

ನಾನು ಕಲಿಯುವವಳಾದ್ದರಿಂದ, "ಮೆಕ್ಯಾನಿಕ್ ಸರಿಯಾಗಿ ಗಮನಿಸದ ಕಾರಣ" ಎಂದು ಸೇರಿಸಿದರೆ ನನಗೆ ಅನುಕೂಲವಾಗುತ್ತದೆ ಎಂದು ಬರೆದುಕೊಳ್ಳುತ್ತಿರುವ ಕಾನ್‌ಸ್ಟೇಬಲ್ ಅಕ್ಕ ಹೇಳಿದರು. ಅದು ಬೇಡ. ಮುಕ್ಕಾಲಣ್ಣ ಎರಡು ಪ್ರಶ್ನೆ ಕೇಳಿದರು, ನಾನು ಎರಡು ಉತ್ತರ ಕೊಟ್ಟೆ, ಅನುಮಾನವನ್ನು ಬಚ್ಚಿಟ್ಟೆ ಎಂದು ಬರೆಯಿರಿ. ಕಾನೂನಿನಲ್ಲಿ ಇದು ಯಾರ ತಪ್ಪಾಗುತ್ತದೋ ನನಗೆ ತಿಳಿಯದು. ಕೈ ಯಾರದೆಂಬುದು ಮಾತ್ರ ತಿಳಿದಿದೆ.

ಮಾವ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಸಹಿ ಮಾಡಿದ ಮೇಲೆ ಇದರ ಪ್ರತಿಯನ್ನು ನಾನೇ ಅವರ ಕೈಗೆ ಕೊಡುತ್ತೇನೆ. ಅವರು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಆಮೇಲೆ ಅವರ ಸ್ಕೂಟರ್ ಹತ್ತುವುದಿಲ್ಲ. ಮೇಷ್ಟ್ರು ಇರುವ ಆಸ್ಪತ್ರೆ ಇಲ್ಲಿಂದ 1.3 ಕಿಲೋಮೀಟರ್, ನಡೆದೇ ಹೋಗುತ್ತೇನೆ. ಮೇಷ್ಟ್ರ ಎದುರು ನಿಂತು ಹೇಳಬೇಕಾದ ಮಾತು ಹಾಳೆಯಲ್ಲಿ ಅವರಿಗೆ ತಲುಪಬಾರದು. ಇದನ್ನು ಬರೆಯುವ ಅಗತ್ಯವಿಲ್ಲ ಎಂದಿರಿ. ಬರೆದಿದ್ದರೆ ನಾನು ಹಿಂದೆ ಸರಿಯುವುದಿಲ್ಲ, ಅದಕ್ಕೆ ಬರೆಸಿದ್ದೇನೆ.

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿ ನೋಡಿದ್ದೇನೆ. ಗೊತ್ತಿದ್ದದ್ದನ್ನು ಗೊತ್ತಿದೆ ಎಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳಿದ್ದೇನೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆ, ಒಳಗಿನ ಕೋಣೆ
ತಾರೀಖು: 14, ಗುರುವಾರ, ಬೆಳಿಗ್ಗೆ 11.15
ಸಹಿ: (ಹೇಳಿಕೆ ಕೊಟ್ಟವಳದು)