ಸತ್ತು ಬಂದವರಿಗೆ ಆರತಿ

ಹೂಂ ಕಣೇ, ಅದು ನಾನೇ, ಮೊದ್ಲು ಆ ಫೋನ್ ಆಫ್ ಮಾಡು. ಆ ಹಳೇ ಟೀವಿ ಸೀರಿಯಲ್ಲಲ್ಲಿ ಗಡ್ಡ ಅಂಟಿಸ್ಕೊಂಡು, ಬ್ಯಾಗಲ್ಲಿ ಬಾಂಬ್ ಇಟ್ಕೊಂಡು ಓಡ್ತಿರೋನು ನಿಮ್ಮ ತಾತನೇ. ಇಷ್ಟು ವರ್ಷ ಆದ್ರೂ ಮುಖ ಎಲ್ಲಿಟ್ಕೊಳ್ಳೋದು ಅನ್ಸತ್ತೆ. ಕೆಲಸ ಹೋಗಿತ್ತಮ್ಮ, ಅಮೆರಿಕಾದಲ್ಲಿ, ಜರ್ಸಿ ಸಿಟೀಲಿ ಬಾಡಿಗೆ ಕಟ್ಟಬೇಕು, ನಿಮ್ಮಪ್ಪ ಇನ್ನೂ ಸ್ಕೂಲು, ಅಲ್ಲಲ್ಲ, ಆಗಷ್ಟೇ ಕಾಲೇಜು ಸೇರಿದ್ದ. ಇಂಜಿನಿಯರನ್ನ ಯಾರೂ ಕರೀಲಿಲ್ಲ, ಟೀವಿಯವ್ರು ಕರೆದ್ರು, ಬಾಂಬ್ ಇಡೋನ ಪಾತ್ರಕ್ಕೆ ಅವ್ರಿಗೆ ನನ್ನ ಮುಖವೊಂದೇ ಸಾಕಾಗಿತ್ತು. ಹಿಕ್ಸ್‌ವಿಲ್‌ಗೆ ನಿನ್ನ ಚಿಕ್ಕಜ್ಜಿ ಮನೆಗೆ ಹೋದಾಗ, ಸ್ಟೇಷನ್ ಹತ್ರ ಅಂಗಡೀಲಿ ಬೇಳೆ ತಗೋತಿದ್ರೆ ಯಾರೋ ಹುಡುಗಿ, "ಅಂಕಲ್, ಮೊನ್ನೆ ಬಾಂಬ್ ಇಟ್ಟಿದ್ದು ನೀವೇ ಅಲ್ವಾ?" ಅಂತ ಎಲ್ಲರ ಮುಂದೆ ಕೂಗಿದ್ಲು. ಬೇಳೆ ಅಲ್ಲೇ ಬಿಟ್ಟು ಬಂದೆ.

ಆ ಶೂಟಿಂಗಲ್ಲೇ ವಾಲ್ಟರ್ ಸಿಕ್ಕಿದ್ದು. ಜರ್ಮನಿಯೋನು, ಫೋರ್ಟ್ ಲೀ ಅನ್ನೋ ಊರಲ್ಲಿ ಒಬ್ನೇ ಇದ್ದ, ನನಗೆ ಬಾಂಬ್ ಮಾರೋ ಮುದುಕನ ಪಾತ್ರ ಅವನದು. ವಯಸ್ಸಲ್ಲಿ ಅವನೂರ ನಾಟಕದಲ್ಲಿ ರಾಜ ಆಗ್ತಿದ್ನಂತೆ, ಇಲ್ಲಿ ಬಾಯಿ ಬಿಟ್ಟ ತಕ್ಷಣ ಉಚ್ಚಾರಣೆ ಕೇಳಿ ಬೂಟು, ಯೂನಿಫಾರ್ಮು ಕೊಟ್ರು. ನೋಡು, ಜೀವಮಾನವೆಲ್ಲ ನಾಜಿ ಆಫೀಸರ್ರೇ. "ನೋಡೋರ ಪಾಪ್‌ಕಾರ್ನ್ ಖಾಲಿಯಾಗೋ ಮೊದ್ಲೇ ನನ್ನ ಕೊಂದುಬಿಡ್ತಾರೆ" ಅಂತ ನಗೋನು. ಒಂದಿನ ನಗು ನಿಲ್ಲಿಸಿ, "ಮಗಳ ಮನೇಲಿ ನನ್ನ ಒಂದು ಫೋಟೋನೂ ಇಲ್ಲ. ಇರೋ ಫೋಟೋ ಎಲ್ಲದ್ರಲ್ಲೂ ಅದೇ ಯೂನಿಫಾರ್ಮು. ಮಕ್ಕಳಿಗೆ ತೋರಿಸೋಕೆ ನಾಚಿಕೆಯಂತೆ" ಅಂದ. ಮನೆಗೆ ಊಟಕ್ಕೆ ಬಾ ಅಂದೆ.

ನಿಮ್ಮಜ್ಜಿಗೆ ಬಾಂಬಿನ ಚಿಂತೆಯೇ ಇರ್ಲಿಲ್ಲ, ಗೊತ್ತಾ, ಶೂಟಿಂಗಲ್ಲಿ ನಾನು ಸಾಯೋದೇ ಚಿಂತೆ. "ಶುಕ್ರವಾರ ದೀಪ ಹಚ್ಚೋ ಹೊತ್ತಿಗೆ ಸತ್ತು ಬರ್ತೀರಲ್ರೀ! ಅಲ್ಲೇ ನಿಲ್ಲಿ!" ಅಂತ ಬಾಗಿಲಾಚೆ ನಿಲ್ಸಿ, ಅರಿಶಿನ ಸುಣ್ಣದ ಕೆಂಪು ನೀರು ಕಲಸಿ ಆರತಿ ಎತ್ತಿ, ಸೀದಾ ಸ್ನಾನಕ್ಕೆ ಕಳ್ಸೋಳು. ವಾಲ್ಟರನ್ನ ಊಟಕ್ಕೆ ಕರ್ಕೊಂಡು ಬಂದ ದಿನ ಬಾಗಿಲಲ್ಲೇ ಅವನ ಕತೆ ಹೇಳ್ದೆ. "ಅಯ್ಯೋ ಪಾಪ, ಇಷ್ಟು ಸಲ ಸತ್ತಿದಾರೆ, ಒಬ್ರೂ ದೃಷ್ಟಿ ತೆಗೀಲಿಲ್ವಾ?" ಅಂತ ಅವನಿಗೂ ಎತ್ತಿ, ಆ ನೀರಲ್ಲೇ ಹಣೆಗೆ ಬೊಟ್ಟಿಟ್ಲು. ಅಷ್ಟುದ್ದದ ಮನುಷ್ಯ ನಗ್ತಾ ನಗ್ತಾ ಅತ್ತುಬಿಟ್ಟ. ನಿಮ್ಮಪ್ಪ ಫೋಟೋ ತೆಗೆದ.

ವಾಲ್ಟರ್ ನಿಜವಾಗಿ ಹೋದಾಗ ಅವನ ಮಗಳು ಫೋನ್ ಮಾಡಿ, "ಯೂನಿಫಾರ್ಮ್ ಇಲ್ಲದ ಫೋಟೋ ನಿಮ್ಮತ್ರ ಇದೆಯಾ?" ಅಂತ ಕೇಳಿದ್ಲು. ಆ ಬೊಟ್ಟಿಟ್ಟ ಫೋಟೋನೇ ಕೊಟ್ಟೆ. ಚರ್ಚಲ್ಲಿ ಶವದ ಪೆಟ್ಟಿಗೆ ಪಕ್ಕ ಅದನ್ನೇ ಇಟ್ಟಿದ್ರು. ಅವಳ ಮಕ್ಕಳು, "ನಮ್ಮ ತಾತ ಇಷ್ಟು ಚೆನ್ನಾಗಿ ನಗ್ತಿದ್ರಾ?" ಅಂತ ಕೇಳಿದ್ವು. ಅವಳು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನ್ನ ವೇಷ ನಾನೂ ಮುಚ್ಚಿಡ್ತಿದ್ನಲ್ಲ.

ಹೊಟ್ಟೆಪಾಡಿಗೆ ಹಾಕಿದ ವೇಷಕ್ಕೆ ಮನೆಯೋರು ನಾಚಬಾರದು ಕಣೇ. ಆನ್ ಮಾಡು ಫೋನು, ಪೂರ್ತಿ ನೋಡು. ಕೊನೇಲಿ ಸಾಯ್ತೀನಿ, ಅಜ್ಜಿಗೆ ಮಾತ್ರ ಹೇಳ್ಬೇಡ, ಈ ಹೊತ್ತಲ್ಲಿ ಸ್ನಾನಕ್ಕೆ ಕಳ್ಸ್ತಾಳೆ.