ಸೋರುವ ಕೊಡ

ಸುಳ್ಳು ಅನ್ನುವವರು ಅಮ್ಮಿನಬಾವಿಗೆ ಹೋಗಿ ಮುತ್ತವ್ವನನ್ನೇ ಕೇಳಿ. ಇದು ಆದದ್ದು ಅವಳ ಗಂಡನಿಗೆ, ಹೈಸ್ಕೂಲು ಮಾಸ್ತರ ಯಮನಪ್ಪನಿಗೆ.

ಧಾರವಾಡದ ಕೊನೆಯ ಬಸ್ಸಿಳಿದು ಒಬ್ಬನೇ ಮನೆಗೆ ನಡೆದಿದ್ದ. ಚಪ್ಪಡಿ ಮುಚ್ಚಿದ ಹಳೇ ಬಾವಿಯ ಹತ್ತಿರ... ಟಪ್. ಸ್ವಲ್ಪ ತಡೆದು, ಟಪ್. ಚಪ್ಪಡಿಯ ಮೇಲೆ ಒಬ್ಬ ಮುದುಕಿ. ಮಡಿಲಲ್ಲಿ ಮಣ್ಣಿನ ಕೊಡ.

"ಸೋರಾಕತ್ತೈತಿ, ತಮ್ಮಾ..." ಪಿಸುಗುಟ್ಟಿದಳು. "ಎಡಕ್ಕ. ಒಳಗಿಂದೊಳಗ."

ಅವಳ ಕಣ್ಣು ಕೊಡದ ಮೇಲಿರಲಿಲ್ಲ. ಇವನ ಎಡ ಪಕ್ಕೆಯ ಮೇಲಿತ್ತು.

ಹತ್ತು ಹೆಜ್ಜೆ ಹೋಗಿರಬೇಕು, ಎಡ ಪಕ್ಕೆಯ ಕೆಳಗೆ ಕುಡುಗೋಲು ಹಾಕಿ ಎಳೆದಂಥ ನೋವು. ಬಗ್ಗಿಕೊಂಡೇ ಮನೆ ಮುಟ್ಟಿದ. ಆ ಸದ್ದೂ ಜೊತೆಗೇ ಬಂತು.

"ಬಟ್ಟಿ ಬಿದ್ದೈತಿ," ಅಂದಳು ಮುತ್ತವ್ವ. ಹೊಟ್ಟೆ ತಿಕ್ಕಿ ಬಟ್ಟಿ, ಅಂದರೆ ಜಾರಿದ ಹೊಕ್ಕುಳ ನಾಡಿ, ಕೂಡಿಸುವುದರಲ್ಲಿ ಪಕ್ಕದ ಮನೆಯ ಗುಲ್ಜಾರಬಿಯದು ಪಳಗಿದ ಕೈ. ಬಂದವಳೇ ಎಣ್ಣೆ ಹಚ್ಚಿ ಒತ್ತಿದಳು.

ಟಪ್ ಟಪ್ ಟಪ್...

"ಬಿಡ್ರಿ ಚಾಚಿ. ಸೋರಾಕತ್ತೈತಿ... ಕೇಳಸಾಕತ್ತಿಲ್ಲೇನ್ರಿ?"

ಯಾರಿಗೂ ಕೇಳಿಸಲಿಲ್ಲ. ಅವನ ಮುಖ ಬಿಳಿಚಿ ತಣ್ಣನೆಯ ಬೆವರು ಇಳಿಯಿತು. ಗುಲ್ಜಾರಬಿ ಹೆದರಿ ಕೈ ತೆಗೆದಳು. ಮುತ್ತವ್ವ ರಾತ್ರೋರಾತ್ರಿ ಗಾಡಿ ಮಾಡಿ ಗಂಡನನ್ನು ಕರೆದೊಯ್ದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ ಸುರಭಿ ಕೇಳಿದರು, "ಎಲ್ಲ್ಯರ ಬಿದ್ದಿದ್ರೇನ್ರಿ? ಪೆಟ್ಟು?"

"ಇಲ್ರಿ."

ಮೂತ್ರದಲ್ಲೂ ರಕ್ತವಿಲ್ಲ. ಕಿಡ್ನಿ ಕಲ್ಲಿರಬೇಕೆಂದು ನೋವಿನ ಇಂಜೆಕ್ಷನ್ ತುಂಬುತ್ತಿದ್ದರು. ಯಮನಪ್ಪ ಅವರ ತೋಳು ಹಿಡಿದ.

"ಎಡಕ್ಕ, ಡಾಕ್ಟರ... ಒಳಗಿಂದೊಳಗ ಸೋರಾಕತ್ತೈತ್ರಿ."

ಸುರಭಿ ಮತ್ತೊಮ್ಮೆ ಬಿಪಿ ನೋಡಿದರು. ಇಳಿಯುತ್ತಿತ್ತು. ಇಂಜೆಕ್ಷನ್ ಅಲ್ಲೇ ಇಟ್ಟು ಸ್ಕ್ಯಾನಿಗೆ ಓಡಿಸಿದರು. ಎಡ ಕಿಡ್ನಿಯಲ್ಲಿ ಯಾರಿಗೂ ಗೊತ್ತಿಲ್ಲದೆ ಬೆಳೆದಿದ್ದ ಕೊಬ್ಬಿನ ಗಡ್ಡೆಯೊಂದು ತಾನಾಗಿಯೇ ಒಡೆದು, ಕಿಡ್ನಿಯ ಸುತ್ತ ರಕ್ತ ತುಂಬಿಕೊಂಡಿತ್ತು.

"ಇನ್ನೊಂದು ತಾಸು ತಡಾ ಆಗಿದ್ರ..." ಅನ್ನುತ್ತಲೇ ಸುರಭಿ ರಕ್ತ ತರಿಸಿದರು.

ರಕ್ತದ ಬಾಟಲಿ ಏರಿತು. ತೊಡೆಯ ಸಂದಿಯ ರಕ್ತನಾಳದೊಳಗಿಂದ ಸಣ್ಣ ನಳಿಕೆ ಕಳಿಸಿ, ಸೋರುವ ಜಾಗವನ್ನು ಒಳಗೇ ಮುಚ್ಚಿದರು. ಯಮನಪ್ಪನಿಗೆ ಎಚ್ಚರವಿತ್ತು. ಟಪ್... ಟಪ್... ಆಮೇಲೆ ಏನೂ ಇಲ್ಲ.

"ನಿಂತೈತಿ," ಅಂದ, ಡಾಕ್ಟರು ಹೇಳುವ ಮೊದಲೇ.

ಗಂಡ ಮನೆಗೆ ಬಂದು ಮುದುಕಿಯ ಸಂಗತಿ ಹೇಳಿದ ಮರುದಿನ ಮುತ್ತವ್ವ ಕಾಯಿ ಹಿಡಿದು ಬಾವಿಗೆ ಹೋದಳು. ಜೊತೆಗೆ ಅದೇ ಓಣಿಯ ನಾನೂ ಇದ್ದೆ, ಖರೇ ಹೇಳುತ್ತೇನೆ. ಚಪ್ಪಡಿಯ ಮೇಲೆ ಮುದುಕಿ ಇಲ್ಲ, ಮಣ್ಣಿನ ಕೊಡವಷ್ಟೇ, ಅಂಚಿನವರೆಗೆ ನೀರು. ಕೊಡದ ಪಕ್ಕೆಯಲ್ಲೊಂದು ತೂತು. ತೂತಿಗೆ ಹತ್ತಿ ತುರುಕಿತ್ತು. ಮೂಸಿ ನೋಡಿದೆ... ಆಸ್ಪತ್ರೆಯ ಸ್ಪಿರಿಟ್ ವಾಸನೆ.