ಒಳಗೆ ಕೂತವರು ಬರೆಯಬೇಕಾದದ್ದು

ಮೊದಲು ಹಿಂದೆ ಕೂತವರು ಫೋನು ಕೆಳಗಿಡಿ. ಎರಡು ಗಂಟೆಗೆ ಶುರುವಾಗುವ ಕಾರ್ಯಕ್ರಮಕ್ಕೆ ಮೂರೂಮುಕ್ಕಾಲಿಗೆ ಬಂದಿದ್ದೀರಿ. ಕೇಳಿದರೆ ಪಾರ್ಕಿಂಗ್ ಸಿಗಲಿಲ್ಲ ಎನ್ನುತ್ತೀರಿ. ಲಂಡನ್ನಿನ ಈ ಹ್ಯಾರೋದಲ್ಲಿ ಪಾರ್ಕಿಂಗ್ ಸಿಗುವುದಿಲ್ಲವೆಂದು ಇವತ್ತು ಬೆಳಿಗ್ಗೆ ಗೊತ್ತಾಯಿತೇ ನಿಮಗೆ? ಹೀಥ್ರೂಗೆ ಹೋಗುವಾಗ ಮಾತ್ರ ನಾಲ್ಕು ತಾಸು ಮುಂಚೆ ಹೋಗಿ ಚೀಲ ತಬ್ಬಿಕೊಂಡು ಕೂರುತ್ತೀರಿ. ಬಾಗಿಲ ಹತ್ತಿರ ನಿಂತಿರುವ ಗಂಡಸರೇ, ಬಿಸಿಬೇಳೆಬಾತಿಗೆ ಇನ್ನೂ ಒಗ್ಗರಣೆ ಬಿದ್ದಿಲ್ಲ. ನಾನು ನೋಡಿಯೇ ವೇದಿಕೆ ಹತ್ತಿದ್ದೇನೆ. ಬಂದು ಕೂತುಕೊಳ್ಳಿ.

ಹಾಂ. ಈಗ ಪದ್ಧತಿ ಪ್ರಕಾರ.

ನಮ್ಮ ಕನ್ನಡ ಸಂಘದ ಅಧ್ಯಕ್ಷೆ ಶ್ರೀಮತಿ ಗಿರಿಜಾದೇವಿಯವರೇ, ಕಾರ್ಯದರ್ಶಿ ಸತ್ಯಪ್ರಕಾಶ ಅವರೇ, ಕೌನ್ಸಿಲ್ಲಿನಿಂದ ಬಂದು ಒಂದಕ್ಷರ ತಿಳಿಯದಿದ್ದರೂ ಇಷ್ಟು ಹೊತ್ತು ನಗುನಗುತ್ತಾ ಕೂತಿರುವ ಅತಿಥಿಗಳೇ, ಮುಂದುಗಡೆ ತಲೆ ತಗ್ಗಿಸಿ ಕೂತಿರುವ ನನ್ನ ಸೊಸೆ ಶೋಭಾ (ತಲೆ ಎತ್ತವ್ವ, ನಾನಿನ್ನೂ ಏನೂ ಅಂದಿಲ್ಲ), ಮತ್ತು ನನ್ನ ಎಲ್ಲ ಸಭಿಕರೇ.

ಈ ಕಾಶವ್ವನಿಗೆ ಇವತ್ತು ಸನ್ಮಾನ ಮಾಡಿದಿರಿ. ಎಪ್ಪತ್ತಾರನೇ ವಯಸ್ಸಿನಲ್ಲಿ ಲಂಡನ್ನಿನ ಯೂನಿವರ್ಸಿಟಿಗೆ ಹೋಗಿ ಸರ್ಟಿಫಿಕೇಟ್ ತಂದಳು ಎಂದಿರಿ. ಅದು ಸುಳ್ಳಲ್ಲ. ಆದರೆ ನಾನು ಓದಬೇಕು ಅಂತ ಹೋದವಳಲ್ಲ. ಮೊಣಕಾಲಿನ ಆಪರೇಷನ್ ಆಗಿತ್ತು. ಶನಿವಾರ ಶೋಭಾಗೆ ಡ್ಯೂಟಿ, ಮಗನಿಗೆ ಕ್ರಿಕೆಟ್ಟು. ಒಬ್ಬಳನ್ನೇ ಬಿಟ್ಟರೆ ಮುದುಕಿ ಸ್ಟೂಲು ಹತ್ತಿ ಮೇಲಿನ ಡಬ್ಬಿ ತೆಗೆಯುತ್ತಾಳೆ ಎಂದು ಇವರಿಗೆ ಭಯ. ತೆಗೆಯುತ್ತೇನೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಮೊಮ್ಮಗಳು ಸ್ಫೂರ್ತಿ ತಾನು ಹೋಗುವ ಶನಿವಾರದ ಕೋರ್ಸಿಗೆ ನನ್ನನ್ನೂ ಟ್ಯೂಬ್ ರೈಲು ಹತ್ತಿಸಿಕೊಂಡು ಹೋದಳು. ಯಾರು ಬೇಕಾದರೂ ಬಂದು ಕೂರಬಹುದಾದ ಕೋರ್ಸು ಅದು. ಹತ್ತು ಶನಿವಾರ. ರೂಮಿನಲ್ಲಿ ಹೀಟರ್ ಚೆನ್ನಾಗಿತ್ತು, ಬಿಸ್ಕತ್ತೂ ಕೊಡುತ್ತಿದ್ದರು.

ಕೋರ್ಸು ಯಾವುದರ ಮೇಲೆ? ಶಾಲೆಗಳಲ್ಲಿ ಮಕ್ಕಳನ್ನು ಬೇರೆ ಬೇರೆ ಕೂರಿಸಿದ್ದು, ಒಟ್ಟಿಗೆ ಕೂರಿಸಿ ಅಂತ ಜನ ಕೋರ್ಟಿಗೂ ಬೀದಿಗೂ ಇಳಿದದ್ದು, ಅದರಿಂದ ಇವತ್ತಿಗೂ ಏನು ಉಳಿದಿದೆ ಎನ್ನುವುದು. ಅಮೆರಿಕದ್ದೇ ಹೆಚ್ಚು. ಜೊತೆಗೆ ಇಲ್ಲಿನದೂ ಇತ್ತು. ನಾನು ಸ್ಫೂರ್ತಿಗೆ ಅಂದೆ: "ಇಷ್ಟಕ್ಕ ಯೂನಿವರ್ಸಿಟಿ ಬೇಕೇನವ್ವ? ಎಲ್ಲಾರೂ ಒಂದ ಕಡೆ ಕೂಡ್ರಿ ಅಂದ್ರ ಮುಗೀತಲ್ಲ." ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನಗೆ ಉತ್ತರ ಬೇಡವಾದಾಗ ಅವಳ ಇಂಗ್ಲಿಷ್ ತಿಳಿಯುವುದಿಲ್ಲ.

ಕಲಿಸುವವರು ಹರ್ಜಿಂದರ್ ಮೇಡಂ, ಸೌತಾಲಿನ ಪಂಜಾಬಿ ಹೆಂಗಸು. ನನಗೆ ವಿಜಯಪುರದ ಹಿಂದಿ ಬರುತ್ತದೆ, ಅವರಿಗೆ ಪಂಜಾಬಿ ಹಿಂದಿ. ಇಬ್ಬರದಕ್ಕೂ ವ್ಯಾಕರಣ ಇಲ್ಲ, ಹಾಗಾಗಿ ಬೇಗ ಹೊಂದಿಕೊಂಡೆವು. ಅವರು ಏಳು ವರ್ಷದವರಿದ್ದಾಗ ಮನೆ ಹತ್ತಿರದ ಶಾಲೆಯಲ್ಲಿ ನಮ್ಮ ದೇಶದ ಮಕ್ಕಳು ಹೆಚ್ಚಾದರು ಅಂತ ಕೌನ್ಸಿಲ್ಲಿನವರು ಬಸ್ಸು ಹತ್ತಿಸಿ ದೂರದ ಶಾಲೆಗೆ ಕಳಿಸುತ್ತಿದ್ದರಂತೆ. ಮೂರೂವರೆಗೆ ವಾಪಸ್ ಬಸ್ಸು. ನಾಟಕದ ತಾಲೀಮು ಮೂರೂವರೆ ಆದ ಮೇಲೆ. "ಗಿಡ ಆಗಿ ನಿಲ್ಲುವ ಪಾತ್ರ ಕೂಡ ನನಗೆ ಸಿಗಲಿಲ್ಲ ಮಾತಾಜಿ" ಅಂತ ನಕ್ಕರು. ಅರವತ್ತು ದಾಟಿದ ಹೆಂಗಸು ಗಿಡದ ಪಾತ್ರ ಇನ್ನೂ ಮರೆತಿಲ್ಲ ನೋಡಿ.

ಎರಡನೇ ಶನಿವಾರ ಅಮೆರಿಕದ ಹಳೆಯ ಸಿನಿಮಾ ತೋರಿಸಿದರು. ಕರಿಯ ಮಕ್ಕಳು ಬಿಳಿಯರ ಶಾಲೆಗೆ ಬರಬಾರದು ಅಂತ ಅಲ್ಲಿನ ಹೆಂಗಸರು ಕೂಗಾಡುವುದು. ಒಬ್ಬಳು ಮುತ್ತಿನ ಸರ ಹಾಕಿಕೊಂಡು, ತಲೆ ಚೆನ್ನಾಗಿ ಬಾಚಿಕೊಂಡು, "ಅವರ ಜಾಗ ಅವರಿಗಿದೆ" ಅಂದಳು. ನಾನು ಸುಮ್ಮನಿರುತ್ತೇನೆಯೇ? "ನಿನ್ನ ಬಾಯಾಗ ಮಣ್ಣ ಹಾಕಾ" ಅಂದೆ. ಕ್ಲಾಸಿನಲ್ಲಿ ಸ್ಫೂರ್ತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಿಸ್ಕತ್ತು ಇನ್ನೆರಡು ತೆಗೆದುಕೊಂಡೆ.

ಮೂರನೇ ಶನಿವಾರ ಒಂದು ಫೋಟೋ. ಗೋಡೆಗೆ ಎರಡು ನೀರಿನ ನಲ್ಲಿ, ಬಿಳಿಯರಿಗೊಂದು, ಕರಿಯರಿಗೊಂದು. ನಾನು ಕೈ ಎತ್ತಿದೆ. ಚಪ್ಪಾಳೆಯ ರುಚಿ ಹತ್ತಿತ್ತಲ್ಲ. ಎದ್ದು ನಿಂತು ಅಂದೆ: "ಇವರಿಗೆ ಬುದ್ಧಿ ಇಲ್ಲ. ಎರಡು ನಲ್ಲಿ ಯಾಕ ಹಾಕಸಬೇಕು? ನಮ್ಮ ಸಾಲ್ಯಾಗ ನೀರು ತುಂಬಿದ ಒಂದ ಮಣ್ಣಿನ ಹರವಿ ಇತ್ತು. ನೀರಿನ ಕೆಲಸ ಮಾಸ್ತರು ನನಗ ಒಪ್ಪಿಸಿದ್ರು. ಒಳಗಿನ ಹುಡುಗರಿಗೆ ಚರಿಗಿ ಕೈಯಾಗ ಕೊಡತಿದ್ದೆ. ಹೊರಗ ಪಡಸಾಲ್ಯಾಗಿನ ಹುಡುಗರಿಗೆ ಚರಿಗಿ ಎತ್ತಿ ಬೊಗಸಿಗೆ ಹೊಯ್ತಿದ್ದೆ. ಒಂದ ಹನಿ ಸಿಡೀತಿರಲಿಲ್ಲ. ಮಾಸ್ತರು ಶಾಬಾಸ್ ಅಂತಿದ್ರು."

ಸ್ಫೂರ್ತಿ ಹರವಿಯವರೆಗೆ ಹೇಳಿದಳು. ಆಮೇಲೆ ನಿಂತುಬಿಟ್ಟಳು.

"ಯಾಕ ನಿಂತಿ? ಶಾಬಾಸ್ ಅಂದದ್ದೂ ಹೇಳವ್ವ."

ಜನ್ಮದಲ್ಲಿ ನನಗೆ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ ಅವತ್ತು ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಅವರು ಯಾಕೆ ಹೊರಗೆ ಕೂತಿದ್ರು?"

"ಕೇರಿ ಹುಡುಗರು. ಅವರ ಜಾಗ ಅಲ್ಲೇ ಇತ್ತು."

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಸಭಿಕರೇ, ಮುತ್ತಿನ ಸರದವಳು ಹಿಂದಿನ ವಾರ ಏನು ಅಂದಿದ್ದಳು? ಅವಳ ಬಾಯಿಗೆ ನಾನು ಏನು ಹಾಕಿದ್ದೆ?

ಆ ದಿನ ಟ್ಯೂಬಿನಲ್ಲಿ ಸ್ಫೂರ್ತಿ ನನ್ನ ಪಕ್ಕದಲ್ಲೇ ಫೋನು ನೋಡುತ್ತಾ ಕೂತಿದ್ದಳು. ನಾನು ಕಿಟಕಿ ಕಡೆ ನೋಡಿದೆ. ವೆಂಬ್ಲಿ ಬಂತು, ಹೋಯಿತು. ನನಗೆ ಮಾಯವ್ವ ನೆನಪಾದಳು. ಅರವತ್ತೆಂಟು ವರ್ಷದಲ್ಲಿ ಒಂದು ಸಲವೂ ನೆನಪಾದವಳಲ್ಲ.

ಸಿಂದಗಿ ತಾಲೂಕಿನ ನಮ್ಮೂರ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ಮಾಯವ್ವ ಮೂರರವರೆಗೆ. ಸರಿಯಾಗಿ ಹೇಳಬೇಕೆಂದರೆ ಮೂರರ ಅರ್ಧದವರೆಗೆ. ಅವಳು ಕೂರುತ್ತಿದ್ದುದು ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ. ಬೋರ್ಡು ಕಾಣುತ್ತಿರಲಿಲ್ಲ. ಕೇಳಿಸಿಕೊಂಡೇ ಕಲಿಯುತ್ತಿದ್ದಳು. ಒಂದು ದಿನ ಮಾಸ್ತರು ನನ್ನನ್ನು ಎಬ್ಬಿಸಿ, ಹದಿಮೂರೇಳಲ ಎಷ್ಟು ಅಂದರು. ನನಗೆ ಬರಲಿಲ್ಲ. ಕಿಟಕಿಯಿಂದ ದನಿ ಬಂತು, "ತೊಂಬತ್ತೊಂದ್ರೀ." ಮಾಸ್ತರು ನನ್ನ ಅಂಗೈ ಮೇಲೆ ಪಟ್ಟಿಯಿಂದ ಬಾರಿಸಿ, "ಹೊರಗಿನಾಕಿಗೆ ಬರತದ, ನಿನಗ ಬರೂದಿಲ್ಲ" ಅಂದರು. ಹುಡುಗರೆಲ್ಲ ನಕ್ಕರು.

ಮಧ್ಯಾಹ್ನ ಅವಳು ಬಂದು ಬೊಗಸೆ ಒಡ್ಡಿದಳು. ನಾನು, "ನೀರು ಮುಗದಾವ" ಅಂದೆ.

ಮರುದಿನವೂ ಅಂದೆ. ಅದರ ಮರುದಿನವೂ. ಚೈತ್ರದ ಬಿಸಿಲು. ಅವಳು ತಾನೇ ಹರವಿ ಮುಟ್ಟುವ ಹಾಗಿರಲಿಲ್ಲ, ಕೇರಿ ಇರುವುದು ಊರಾಚೆ. ಮೂರು ದಿನ ಅವಳು ಬೊಗಸೆ ಒಡ್ಡಿ ನಿಂತು, ನನ್ನ ಮುಖ ನೋಡಿ, ಕೈ ಲಂಗಕ್ಕೆ ಒರೆಸಿಕೊಂಡು ಹೋದಳು. ಒಣಗಿದ ಕೈ. ಒರೆಸುವುದಕ್ಕೆ ಏನಿತ್ತು ಅದರಲ್ಲಿ? ನಾಲ್ಕನೇ ದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಮಾಸ್ತರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಟು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎನ್ನುತ್ತೀರಿ. ಶೋಭಾ ಕೂಡ ಹಾಗೆಯೇ ಅಂದಳು, ಪಾಪ, ಅತ್ತೆಯ ಮೇಲಿನ ಪ್ರೀತಿಗೆ. ಆದರೆ ಹರವಿ ತುಂಬಿದೆ ಅಂತ ತಿಳಿದಿತ್ತಲ್ಲ ನನಗೆ.

ಈಗ ಸನ್ಮಾನ ಪತ್ರಕ್ಕೆ ಬರೋಣ. ಈಗಷ್ಟೇ ಸತ್ಯಪ್ರಕಾಶ ಓದಿದರು, "ಬಾಲ್ಯದಲ್ಲಿ ಶಾಲೆಯ ಭೇದಭಾವದ ನೋವನ್ನು ಉಂಡು, ಅದನ್ನು ಮೆಟ್ಟಿ ನಿಂತ ಮಾತೆ" ಅಂತ. ನಾನು ಉಂಡದ್ದು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಯಾವ ನೋವೂ ಉಣ್ಣಲಿಲ್ಲ. ಕನ್ನಡ ಒಳ್ಳೆಯದಿದೆ ಸತ್ಯಪ್ರಕಾಶ, ಆದರೆ ಆ ಮಾತು ಹೊಂದುವ ಹೆಂಗಸು ನಾನಲ್ಲ. ಫ್ರೇಮಿನಿಂದ ಆ ಸಾಲು ತೆಗೆಸು.

ಸಿಟ್ಟು ಬೇಡ. ಮಾತು ಮುಗಿದಿಲ್ಲ.

ಊರಲ್ಲಿರುವ ನನ್ನ ಅಣ್ಣನ ಮಗ ವೀರಭದ್ರನಿಗೆ ಫೋನು ಮಾಡಿ, ಮಾಯವ್ವನ ಮನೆ ಹುಡುಕು ಅಂದೆ. "ಅತ್ತಿ, ಈಗ ಅದೆಲ್ಲಾ ಯಾಕ? ಜನ ಏನಂದಾರು?" ಅಂದ. "ನಿನಗ ಐಫೋನ್ ಯಾರು ಕೊಡಿಸಿದ್ರು?" ಅಂದೆ. ಎರಡು ದಿನದಲ್ಲಿ ಹುಡುಕಿದ. ಮಾಯವ್ವ ತೀರಿಕೊಂಡು ಹನ್ನೊಂದು ವರ್ಷ. ಮೊಮ್ಮಗಳೊಬ್ಬಳು ವಿಜಯಪುರದಲ್ಲಿ ನರ್ಸ್. ಅವಳ ಜೊತೆ ಮಾತಾಡಿದೆ. ನಾನು ನಿಮ್ಮಜ್ಜಿಯ ಸಾಲಿ ಗೆಳತಿ ಅಂದೆ. ಗೆಳತಿ! ನನ್ನ ನಾಲಿಗೆ ನೋಡಿ.

ಆ ಹುಡುಗಿ ಅಂದಳು: "ಅಮ್ಮಾ, ನೀವು ಬ್ಯಾರೆ ಯಾರನ್ನೋ ಹುಡುಕಾಕತ್ತೀರಿ. ನಮ್ಮಜ್ಜಿ ಸಾಲಿಗೆ ಹೋದಾಕಿ ಅಲ್ರೀ. ಹೆಬ್ಬಟ್ಟು ಒತ್ತತಿದ್ಲು."

"ಹೋಗಿದ್ಲು. ಹದಿಮೂರರ ಮಗ್ಗಿ ಬರತಿತ್ತು ಆಕಿಗೆ. ನನಗ ಬರತಿರಲಿಲ್ಲ."

ಅವಳು, "ಇನ್ನೊಮ್ಮೆ ಹೇಳ್ರೀ" ಅಂದಳು. ಹೇಳಿದೆ. ಎಷ್ಟನೇ ಇಯತ್ತೆ, ಎಲ್ಲಿ ಕೂಡ್ರುತಿದ್ಲು, ಪಾಟಿ ಇತ್ತೋ ಇಲ್ಲೋ, ಎಲ್ಲ ಕೇಳಿದಳು. ಕೊನೆಗೆ, "ಬರದು ಕಳಸ್ರೀ ಅಮ್ಮಾ, ನಮ್ಮವ್ವಗ ಓದಿ ಹೇಳತೀನಿ" ಅಂದಳು. ನೀರಿನ ವಿಷಯ ಹೇಳಿದಿರಾ ಎಂದು ಕೇಳುತ್ತೀರೇನು? ಫೋನಿನಲ್ಲಿ ಹೇಳಲಿಲ್ಲ. ಪತ್ರದಲ್ಲಿ ಬರೆದೆ, ಅಕ್ಷರ ಕೂಡಿಸಿ ಕೂಡಿಸಿ, ಮೂರು ದಿನವನ್ನೂ. ಕಳಿಸಿ ಐದು ವಾರ ಆಯಿತು. ಉತ್ತರ ಬಂದಿಲ್ಲ. ಕೊಡಬೇಕು ಅಂತ ಅವಳಿಗೇನೂ ಇಲ್ಲ.

ಆದರೆ ನೋಡಿ. ವೀರಭದ್ರ ಶಾಲೆಗೆ ಹೋಗಿ ಕೇಳಿದರೆ ಹಳೆಯ ಹಾಜರಿ ಪುಸ್ತಕ ಗೆದ್ದಲು ತಿಂದಿದೆಯಂತೆ. ಮಾಸ್ತರು ಇಲ್ಲ. ಅವಳ ಮನೆಯವರಿಗೇ ಗೊತ್ತಿಲ್ಲ. ಮಾಯವ್ವ ಎನ್ನುವ ಹುಡುಗಿ ಶಾಲೆಗೆ ಹೋಗಿದ್ದಳು, ಹದಿಮೂರರ ಮಗ್ಗಿ ಬರುತ್ತಿತ್ತು ಎಂದು ತಿಳಿದವರು ಈ ಭೂಮಿಯ ಮೇಲೆ ಉಳಿದಿರುವುದು ಅವಳಿಗೆ ನೀರು ಕೊಡದ ನಾನೊಬ್ಬಳೇ.

ಇದನ್ನು ಹರ್ಜಿಂದರ್ ಮೇಡಂಗೆ ಹೇಳಿದೆ. ಅವರು ಅಂದರು: "ಮಾತಾಜಿ, ಇಪ್ಪತ್ತು ವರ್ಷದಿಂದ ಈ ಕೋರ್ಸು ಮಾಡುತ್ತಿದ್ದೇನೆ. ಹೊರಗೆ ಕೂತವರು ಬಂದು ಹೇಳಿದ್ದಾರೆ. ಒಳಗೆ ಕೂತವರು ಯಾರೂ ಬಂದಿಲ್ಲ. ನೀವೇ ಮೊದಲು, ಅದೂ ಜಂಬ ಕೊಚ್ಚುವುದಕ್ಕೆ." ಮುಂದಿನ ವರ್ಷದ ಕೋರ್ಸಿನಲ್ಲಿ ಒಂದು ಶನಿವಾರ ಪೂರ್ತಿ ನಿಮ್ಮ ಕಡೆಯ ಶಾಲೆಗಳಿಗೆ ಇಡುತ್ತೇನೆ, ನಿಮ್ಮ ಒಬ್ಬರ ಮಾತು ಸಾಲದು, ಹತ್ತು ಜನರದಾದರೂ ಬೇಕು ಎಂದರು. ನಮ್ಮ ಸಂಘಕ್ಕೆ ಪತ್ರ ಬರೆದರು.

ಸಂಘ ಏನು ಉತ್ತರ ಕೊಟ್ಟಿತು ಗೊತ್ತೇ? "ನಮ್ಮ ಸದಸ್ಯರ ಶಾಲೆಗಳಲ್ಲಿ ಅಂಥದ್ದೇನೂ ಇರಲಿಲ್ಲ, ಎಲ್ಲರೂ ಅನ್ಯೋನ್ಯವಾಗಿದ್ದರು." ನಿಮ್ಮೆಲ್ಲರ ಹೆಸರಿನಲ್ಲಿ. ನಿಮ್ಮನ್ನು ಕೇಳಿದ್ದರೇ? ನನ್ನನ್ನಂತೂ ಕೇಳಲಿಲ್ಲ. ಸತ್ಯಪ್ರಕಾಶನನ್ನು ಮನೆಗೆ ಕರೆದು ಚಹಾ ಕೊಟ್ಟು ವಿಚಾರಿಸಿದೆ.

"ಸಂಘದ ಹೆಸರು ಏನಾಗ್ಬೇಕು ಅಜ್ಜಿ? ಇಂಗ್ಲಿಷ್‌ನವರ ಮುಂದೆ?"

"ಆ ಹೆಣ್ಣುಮಗಳು ಇಂಗ್ಲಿಷ್‌ನಾಕಿ ಅಲ್ಲಪ್ಪ, ಪಂಜಾಬಿನಾಕಿ. ನಿನ್ನ ಸಾಲ್ಯಾಗ ಏನೂ ಇರಲಿಲ್ಲೇನು?"

"ಇಲ್ಲ ಅಜ್ಜಿ, ಒಂದೇ ಬೆಂಚು. ಹಾಸ್ಟೆಲ್‌ನಲ್ಲಿ ಊಟದ ಪಂಕ್ತಿ ಮಾತ್ರ ಬೇರೆ ಇತ್ತು. ಅದು ಬೇರೆ ವಿಷಯ."

ಕೇಳಿದಿರಾ? ಬೇರೆ ವಿಷಯವಂತೆ! ನಗಬೇಡಿ, ನಿಮ್ಮಲ್ಲೂ ಎಷ್ಟು ಬೇರೆ ವಿಷಯಗಳಿವೆಯೋ. ಆ ಹುಡುಗ ಕೆಟ್ಟವನಲ್ಲ. ನನ್ನ ಆಪರೇಷನ್ ದಿನ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ ಸಂಜೆಯವರೆಗೆ ಕಾದವನು. ಚಹಾ ಕುಡಿದು ಎದ್ದವನು ಬಾಗಿಲಲ್ಲಿ ನಿಂತು, "ಆ ಪಂಕ್ತೀಲಿ ರಂಗಸ್ವಾಮಿ ಅಂತ ಒಬ್ಬ ಇದ್ದ ಅಜ್ಜಿ, ನನಗೆ ಗಣಿತ ಹೇಳಿಕೊಡ್ತಿದ್ದ" ಅಂದ. ಅಷ್ಟೇ ಅಂದು ಹೋದ.

ಆದ್ದರಿಂದ ಕೇಳಿ. ಬಾಗಿಲಲ್ಲಿ ಸ್ಫೂರ್ತಿ ಹಾಳೆ ಹಿಡಿದು ನಿಂತಿದ್ದಾಳೆ. ತಲೆಗೊಂದು. ನಿಮ್ಮ ಶಾಲೆಯ ಕೋಣೆಯ ಚಿತ್ರ ಬರೆಯಿರಿ. ನೀವು ಎಲ್ಲಿ ಕೂತಿದ್ದಿರಿ, ಪಕ್ಕದಲ್ಲಿ ಯಾರು, ಹಿಂದೆ ಯಾರು, ಬಾಗಿಲಾಚೆ ಯಾರು. ನಮ್ಮ ಕಾಲದಲ್ಲಿ ಅದೆಲ್ಲ ಹೋಗಿತ್ತು ಆಂಟಿ, ಎನ್ನುವ ಬೆಂಗಳೂರಿನವರೇ, ಒಳ್ಳೆಯದಾಯಿತು. ಹಾಗಾದರೆ ಯಾರ ಟಿಫಿನ್ ಡಬ್ಬಿಯಿಂದ ನೀವು ತಿನ್ನಲಿಲ್ಲ, ಮನೆಗೆ ಬಂದ ಯಾವ ಗೆಳೆಯನಿಗೆ ನಿಮ್ಮಮ್ಮ ಬೇರೆ ಲೋಟ ಕೊಟ್ಟರು, ಅದನ್ನು ಬರೆಯಿರಿ. ಹೊರಗೆ ಕೂತವರೂ ಈ ಸಭೆಯಲ್ಲಿ ಇದ್ದೀರಿ, ನನಗೆ ಗೊತ್ತು. ನಿಮಗೆ ನನ್ನ ಅಪ್ಪಣೆ ಇಲ್ಲ. ನಿಮಗೆ ಮನಸ್ಸಿದ್ದರೆ ಮಾತ್ರ.

ಉಳಿದವರಿಗೆ ಅಪ್ಪಣೆಯೇ. ಬರುವ ತಿಂಗಳ ಒಂದನೇ ತಾರೀಖಿಗೆ ಹರ್ಜಿಂದರ್ ಮೇಡಂ ಮುಂದಿನ ಕೋರ್ಸಿನ ಪಾಠಗಳ ಪಟ್ಟಿ ಯೂನಿವರ್ಸಿಟಿಗೆ ಕೊಡಬೇಕು. ಅದರೊಳಗೆ ಹತ್ತು ಹಾಳೆ ಬರದಿದ್ದರೆ ಸಂಘದ ಆ ಪತ್ರವೇ ನಿಜ ಎಂದಾಗುತ್ತದೆ, ಮಾಯವ್ವ ಶಾಲೆಗೆ ಹೋಗಲೇ ಇಲ್ಲ ಎಂದಾಗುತ್ತದೆ. ಸತ್ಯಪ್ರಕಾಶ, ನಿನ್ನ ಹಾಳೆ ಮೊದಲು ಬರಲಿ.

ನನ್ನ ಬೈಗುಳ ಸಹಿಸಿಕೊಂಡದ್ದಕ್ಕೆ ಋಣಿ. ಅಡುಗೆಮನೆಯಲ್ಲಿ ಬೆವರು ಸುರಿಸುತ್ತಿರುವವರಿಗೆ ಇನ್ನೂ ಹೆಚ್ಚು ಋಣಿ. ನಿಮ್ಮ ಹೆಸರು ಹಾಕುವುದಕ್ಕೆ ನಾಚಿಕೆಯಾದರೆ ಖಾಲಿ ಬಿಡಿ, ನಾನು ಬೈಯುವುದಿಲ್ಲ. ಹೊರಗೆ ಕೂತವರ ಹೆಸರು ಮಾತ್ರ ಪೂರ್ತಿ ಬರೆಯಿರಿ, ಅಪ್ಪನ ಹೆಸರು ಗೊತ್ತಿದ್ದರೆ ಅದೂ ಸೇರಿಸಿ. ಈ ತಿಂಗಳು ಮುಗಿಯುವುದರೊಳಗೆ ಹಾಳೆಗಳು ನನ್ನ ಕೈಯಲ್ಲಿರಬೇಕು. ನಮಸ್ಕಾರ.